ಲಕ್ಷಣದ ಅವ್ಯಾಪ್ತಿ: ಅವಧಾನದೋಷದ ವರ್ಣನೆಯಲ್ಲಿ ಸ್ತ್ರೀಯ ಸ್ಥಾನ

೧

ಒಂದು ವಸ್ತುವಿಗೆ ಹೇಳುವ ಲಕ್ಷಣವು ಮೂರು ದೋಷಗಳಿಂದ ದೂರವಾಗಿರಬೇಕೆಂಬುದು ನಮ್ಮ ತರ್ಕಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಕಪಿಲವರ್ಣವುಳ್ಳದ್ದೇ ಗೋವು ಎಂದರೆ ಬಿಳಿಯ ಹಸುವೂ ಕರಿಯ ಹಸುವೂ ಹೊರಗುಳಿಯುತ್ತವೆ, ಇದು ಅವ್ಯಾಪ್ತಿ. ಕೊಂಬುಳ್ಳದ್ದೇ ಗೋವು ಎಂದರೆ ಎಮ್ಮೆಯೂ ಒಳಗೆ ಬರುತ್ತದೆ, ಇದು ಅತಿವ್ಯಾಪ್ತಿ. ಒಂದೇ ಗೊರಸುಳ್ಳದ್ದು ಗೋವು ಎಂದರೆ ಲೋಕದ ಯಾವ ಗೋವಿಗೂ ಆ ಮಾತು ಹೊಂದದು, ಇದು ಅಸಂಭವ. ಇವುಗಳಲ್ಲಿ ಮೂರನೆಯದು ತಾನಾಗಿಯೇ ಬಯಲಾಗುತ್ತದೆ. ಎರಡನೆಯದನ್ನು ಎಮ್ಮೆಯನ್ನು ಕಂಡವರು ಯಾರಾದರೂ ತೋರಿಸಿಕೊಡಬಲ್ಲರು. ಮೊದಲನೆಯದು ಮಾತ್ರ ಬಹುಕಾಲ ಅಡಗಿರಬಲ್ಲುದು. ಊರಿನ ಕಪಿಲೆಯ ಹಸುಗಳನ್ನೆಲ್ಲ ಎಣಿಸಿ ಲಕ್ಷಣವು ಸರಿಯಾಗಿದೆಯೆಂದು ತೃಪ್ತಿಪಡುವವನಿಗೆ, ಎಣಿಕೆಗೆ ಬಾರದ ಹಸುಗಳು ಗೋವುಗಳೆಂದೇ ತೋರುವುದಿಲ್ಲ. ಲಕ್ಷಣವು ಬಿಟ್ಟದ್ದನ್ನು ಲಕ್ಷಣವೇ ಮರೆಮಾಡುತ್ತದೆ.

ಎ.ಡಿ.ಎಚ್.ಡಿ. ಎಂಬ ನಾಲ್ಕು ಅಕ್ಷರಗಳಿಂದ ಇಂದು ಪ್ರಸಿದ್ಧವಾಗಿರುವ ಮಾನಸಿಕ ದೋಷಕ್ಕೆ, ಎಂದರೆ ಅವಧಾನದ ಕೊರತೆ ಮತ್ತು ಅತಿಚಟುವಟಿಕೆಯ ದೋಷಕ್ಕೆ, ಪಾಶ್ಚಾತ್ಯ ವೈದ್ಯರು ಹೇಳುತ್ತ ಬಂದ ಲಕ್ಷಣದ ಚರಿತ್ರೆಯಲ್ಲಿ ಇಂಥದೊಂದು ಅವ್ಯಾಪ್ತಿಯು ಸುಮಾರು ಒಂದು ಶತಮಾನ ಕಾಲ ಉಳಿದು ಬಂದಿತೆಂಬುದು ನಮ್ಮ ಅಭಿಪ್ರಾಯ. ಹೊರಗುಳಿದವರು ಹುಡುಗಿಯರು, ಬೆಳೆದು ದೊಡ್ಡವರಾದ ಮೇಲೆ ತಮ್ಮ ಕಷ್ಟಕ್ಕೆ ಹೆಸರಿಲ್ಲದೆ ಬಾಳಿದ ಹೆಂಗಸರು. ಈ ಲೇಖನದಲ್ಲಿ ನಾವು ವೈದ್ಯರ ಅಧಿಕಾರವನ್ನು ವಹಿಸಿಕೊಂಡು ಮಾತನಾಡುತ್ತಿಲ್ಲ. ಆದರೆ ವೈದ್ಯಗ್ರಂಥವೂ ಒಂದು ಗ್ರಂಥವೇ. ಅದರಲ್ಲಿಯೂ ವರ್ಣನೆಯುಂಟು, ಪಾತ್ರವುಂಟು, ಆ ಪಾತ್ರವನ್ನು ನೋಡುವವನ ದೃಷ್ಟಿಯುಂಟು. ವಿಮರ್ಶಕನು ಕಾವ್ಯಕ್ಕೆ ಕೇಳುವ ಪ್ರಶ್ನೆಗಳನ್ನು ಅದಕ್ಕೂ ಕೇಳಬಹುದು: ಇಲ್ಲಿ ವರ್ಣಿತನಾದವನು ಯಾರು? ವರ್ಣಿಸುತ್ತಿರುವವನು ಎಲ್ಲಿ ನಿಂತಿದ್ದಾನೆ? ಅವನ ಕಣ್ಣಿಗೆ ಬೀಳದೆ ಹೋದದ್ದು ಯಾವುದು?

೨

ಈ ದೋಷದ ಪೂರ್ವಚರಿತ್ರೆಯನ್ನು ಬರೆಯುವವರು ಅನೇಕ ವೇಳೆ ಒಂದು ಮಕ್ಕಳ ಪುಸ್ತಕದಿಂದ ಪ್ರಾರಂಭಿಸುತ್ತಾರೆ. ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ವೈದ್ಯನಾದ ಹೈನ್ರಿಖ್ ಹಾಫ್‌ಮನ್ ೧೮೪೪ರಲ್ಲಿ ತನ್ನ ಮೂರು ವರ್ಷದ ಮಗನಿಗೆ ಕ್ರಿಸ್ಮಸ್ ಉಡುಗೊರೆಯಾಗಿ ಚಿತ್ರಸಹಿತವಾದ ಪದ್ಯಕಥೆಗಳನ್ನು ಬರೆದನು. ಮುಂದೆ ‘ಸ್ಟ್ರುವೆಲ್‌ಪೀಟರ್’ ಎಂಬ ಹೆಸರಿನಿಂದ ಪ್ರಸಿದ್ಧವಾದ ಅದು ೧೮೪೫ರಿಂದ ಅಚ್ಚಾಗತೊಡಗಿ, ಮುಂದಿನ ಮುದ್ರಣಗಳಲ್ಲಿ ಕಥೆಗಳು ಹೆಚ್ಚುತ್ತ ಹೋದವು. ಅದರಲ್ಲಿ ಬರುವ ಫಿಲಿಪ್ ಎಂಬ ಹುಡುಗನು ಊಟದ ಮೇಜಿನ ಮುಂದೆ ಸುಮ್ಮನೆ ಕೂರಲಾರದೆ ಕುರ್ಚಿಯನ್ನು ಹಿಂದೆ ಮುಂದೆ ತೂಗಾಡಿಸಿ, ಬೀಳುವಾಗ ಮೇಜಿನ ಬಟ್ಟೆಯನ್ನು ಹಿಡಿದೆಳೆದು, ಊಟವನ್ನೆಲ್ಲ ನೆಲದ ಪಾಲು ಮಾಡುತ್ತಾನೆ. ಹಾನ್ಸ್ ಎಂಬ ಇನ್ನೊಬ್ಬನು ಆಕಾಶವನ್ನೇ ನೋಡುತ್ತ ನಡೆದು ನಾಯಿಗೆ ಎಡವುತ್ತಾನೆ, ಕೊನೆಗೆ ನೀರಿಗೆ ಬೀಳುತ್ತಾನೆ. ಮೊದಲನೆಯವನನ್ನು ಅತಿಚಟುವಟಿಕೆಯ ಮೂಲಚಿತ್ರವೆಂದೂ ಎರಡನೆಯವನನ್ನು ಅನವಧಾನದ ಮೂಲಚಿತ್ರವೆಂದೂ ವೈದ್ಯಲೇಖಕರು ಉದಾಹರಿಸುವುದು ರೂಢಿಯಾಗಿದೆ.

ಇದೇ ಪುಸ್ತಕದಲ್ಲಿ ಒಂದು ಹುಡುಗಿಯ ಕಥೆಯೂ ಇದೆ. ಪೌಲೀನ್ ಎಂಬವಳು ತಾಯಿತಂದೆಗಳು ಮನೆಯಲ್ಲಿಲ್ಲದಾಗ, ಬೆಕ್ಕುಗಳೆರಡು ಬೇಡವೆಂದರೂ ಕೇಳದೆ, ಕಣ್ಣಿಗೆ ಬಿದ್ದ ಬೆಂಕಿಕಡ್ಡಿಯನ್ನು ಗೀರಿ, ಆ ಜ್ವಾಲೆಯ ಸಂತೋಷದಲ್ಲಿಯೇ ಮೈಮರೆತು ಸುಟ್ಟು ಬೂದಿಯಾಗುತ್ತಾಳೆ. ಫಿಲಿಪ್ಪನ ಅಪರಾಧಕ್ಕೆ ಊಟ ಹೋಯಿತು. ಇವಳ ಅಪರಾಧಕ್ಕೆ ಪ್ರಾಣವೇ ಹೋಯಿತು. ಆವೇಗವನ್ನು ತಡೆಯಲಾರದ ಮಗುವಿನ ಚಿತ್ರವು ಬೇಕಾದರೆ ಫಿಲಿಪ್ಪನಿಗಿಂತ ಪೌಲೀನಳಲ್ಲಿ ಹೆಚ್ಚು ಸ್ಪಷ್ಟವಾಗಿದೆ. ಆದರೂ ಈ ವಿಷಯದ ಚರಿತ್ರೆಯಲ್ಲಿ ಅವಳಿಗೆ ಫಿಲಿಪ್ಪನ ಸ್ಥಾನ ದೊರೆತಿಲ್ಲ. ಅವಳ ಕಥೆಯನ್ನು ಓದಿದವರು ಅದನ್ನು ಅವಿಧೇಯತೆಯ ನೀತಿಪಾಠವೆಂದೇ ಓದಿದರು. ಫಿಲಿಪ್ಪನ ಕಥೆಯಲ್ಲಿ ಮಾತ್ರ ರೋಗವನ್ನು ಕಂಡರು. ಒಂದು ಪದ್ಯಕಥೆಯಿಂದ ರೋಗನಿರ್ಣಯ ಮಾಡುವುದು ಎರಡು ಕಡೆಯೂ ಅಯುಕ್ತವೇ ಸರಿ. ಆದರೆ ಒಂದೇ ಗ್ರಂಥದ ಮೂವರು ಮಕ್ಕಳಲ್ಲಿ ಇಬ್ಬರು ಹುಡುಗರಿಗೆ ವೈದ್ಯರ ಅನುಕಂಪವೂ ಹುಡುಗಿಗೆ ನೀತಿಯ ತೀರ್ಪೂ ದೊರಕಿದುದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ.

ಕಥೆಯಿಂದ ಶಾಸ್ತ್ರಕ್ಕೆ ಬರೋಣ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಜಿಷಿಯನ್ಸ್‌ನಲ್ಲಿ ೧೯೦೨ರಲ್ಲಿ ಜಾರ್ಜ್ ಫ್ರೆಡರಿಕ್ ಸ್ಟಿಲ್ ಮಾಡಿದ ಮೂರು ಉಪನ್ಯಾಸಗಳನ್ನು ಈ ವಿಷಯದ ಆದಿಗ್ರಂಥವೆಂದು ಭಾವಿಸುವವರು ಅನೇಕರು. ಬುದ್ಧಿಶಕ್ತಿ ಸಾಮಾನ್ಯವಾಗಿಯೇ ಇದ್ದು ನೈತಿಕ ಸಂಯಮ ಮಾತ್ರ ಕುಂದಿದ ೨೦ ಮಕ್ಕಳನ್ನು ಸ್ಟಿಲ್ ವರ್ಣಿಸಿದನು. ಅವರಲ್ಲಿ ೧೫ ಜನ ಹುಡುಗರು, ೫ ಜನ ಹುಡುಗಿಯರು. ಈ ಅಂತರವು ಕೇವಲ ಆಕಸ್ಮಿಕವಲ್ಲವೆಂಬುದು ಅವನ ಅಭಿಪ್ರಾಯವಾಗಿತ್ತು. ಆದರೆ ಅವನು ಗಣಿಸಿದ ಲಕ್ಷಣಗಳನ್ನು ನೋಡಬೇಕು: ಕ್ರೋಧ, ಕ್ರೌರ್ಯ, ಅವಿಧೇಯತೆ, ಕಳ್ಳತನ, ಸುಳ್ಳು. ಇವೆಲ್ಲ ಇತರರನ್ನು ಪೀಡಿಸುವ ಗುಣಗಳು. ಪೀಡೆಯನ್ನು ಅಳತೆಗೋಲಾಗಿ ಇಟ್ಟುಕೊಂಡವನಿಗೆ ಪೀಡೆ ಕೊಡುವವರೇ ಹೆಚ್ಚಾಗಿ ಕಾಣುವುದು ಸಹಜ.

೧೯೩೭ರಲ್ಲಿ ಅಮೆರಿಕದ ರೋಡ್ ಐಲೆಂಡ್ ಸಂಸ್ಥಾನದಲ್ಲಿ ಚಾರ್ಲ್ಸ್ ಬ್ರ್ಯಾಡ್ಲಿ ಎಂಬ ವೈದ್ಯನು ವರ್ತನೆಯ ತೊಡಕುಳ್ಳ ೩೦ ಮಕ್ಕಳಿಗೆ ಬೆಂಜೆಡ್ರಿನ್ ಎಂಬ ಉತ್ತೇಜಕ ಔಷಧವನ್ನು ಕೊಟ್ಟು, ಅದರಿಂದ ಅನೇಕರ ಓದು ಸುಧಾರಿಸಿತೆಂದೂ ಗಲಭೆ ತಗ್ಗಿತೆಂದೂ ವರದಿ ಮಾಡಿದನು. ಇಂದಿನ ಚಿಕಿತ್ಸೆಯ ಮೂಲ ಅಲ್ಲಿದೆ. ಆ ೩೦ರಲ್ಲಿ ೨೧ ಹುಡುಗರು, ೯ ಹುಡುಗಿಯರು. ಒಬ್ಬಳು ಮಗಳ ಕಾಯಿಲೆಯ ದುಃಖದಿಂದ ತಾಯಿತಂದೆಗಳು ಬಿಟ್ಟುಹೋದ ಆಸ್ತಿಯಿಂದ ಸ್ಥಾಪಿತವಾಗಿ ಅವಳ ಹೆಸರನ್ನೇ ಹೊತ್ತ ಆ ಸಂಸ್ಥೆಯ ಹಾಸಿಗೆಗಳಲ್ಲಿಯೂ ಹುಡುಗರೇ ಹೆಚ್ಚಾಗಿದ್ದರು. ಮುಂದಿನ ದಶಕಗಳಲ್ಲಿ ಸಂಶೋಧಕರು ಬಹುಮಟ್ಟಿಗೆ ಹುಡುಗರನ್ನೇ ಆರಿಸಿಕೊಂಡರು. ಹುಡುಗಿಯರು ಕಡಮೆ ಸಿಕ್ಕುತ್ತಾರೆಂಬುದು ಅದಕ್ಕೆ ಕಾರಣ; ಹುಡುಗಿಯರು ಕಡಮೆಯೆಂಬುದು ಅದರ ಫಲ. ತರ್ಕದಲ್ಲಿ ಇದಕ್ಕೆ ಅನ್ಯೋನ್ಯಾಶ್ರಯವೆಂದು ಹೆಸರು.

೩

ಅಮೆರಿಕದ ಮನೋವೈದ್ಯ ಸಂಘವು ಪ್ರಕಟಿಸುವ, ಡಿ.ಎಸ್.ಎಂ. ಎಂದು ಖ್ಯಾತವಾದ ರೋಗನಿರ್ಣಯದ ಕೈಪಿಡಿಯನ್ನು ನಾವು ಈ ವಿಷಯದ ಲಕ್ಷಣಗ್ರಂಥವೆಂದು ಕರೆಯಬಹುದು. ಅದರ ಆವೃತ್ತಿಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು, ಪಾಠಾಂತರಗಳನ್ನು ನೋಡುವಂತೆ ನೋಡಿದರೆ ಒಂದು ಸ್ವಾರಸ್ಯವಾದ ಸಂಗತಿ ಗೋಚರಿಸುತ್ತದೆ.

೧೯೬೮ರ ಎರಡನೆಯ ಆವೃತ್ತಿಯಲ್ಲಿ ದೋಷದ ಹೆಸರೇ ಬಾಲ್ಯದ ಅತಿಚಲನೆಯ ಪ್ರತಿಕ್ರಿಯೆ ಎಂದಿತ್ತು. ಹೆಸರಿನಲ್ಲಿಯೇ ಚಲನೆಯುಂಟು, ಅವಧಾನವು ವಿವರಣೆಯಲ್ಲಿ ಬರುವ ಅನುಷಂಗ. ಹರೆಯ ಬರುತ್ತಿದ್ದಂತೆ ದೋಷವು ಸಾಮಾನ್ಯವಾಗಿ ಕ್ಷೀಣಿಸುವುದೆಂದೂ ಅಲ್ಲಿ ಹೇಳಿತ್ತು. ಕೆನಡದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ವರ್ಜೀನಿಯ ಡಗ್ಲಸ್ ಅವರು ೧೯೭೨ರಲ್ಲಿ, ಈ ಮಕ್ಕಳ ಮುಖ್ಯವಾದ ತೊಂದರೆ ಚಲನೆಯಲ್ಲ, ಅವಧಾನವನ್ನು ನಿಲ್ಲಿಸಿಕೊಳ್ಳಲಾರದಿರುವುದೂ ಆವೇಗವನ್ನು ತಡೆಯಲಾರದಿರುವುದೂ ಆಗಿದೆಯೆಂದು ವಾದಿಸಿದರು. ೧೯೮೦ರ ಮೂರನೆಯ ಆವೃತ್ತಿಯು ಈ ದೃಷ್ಟಿಯನ್ನು ಅಂಗೀಕರಿಸಿ ದೋಷಕ್ಕೆ ಅವಧಾನದ ಕೊರತೆಯೆಂದೇ ಹೆಸರಿಟ್ಟು, ಅತಿಚಟುವಟಿಕೆ ಸಹಿತವಾದದ್ದು, ಅತಿಚಟುವಟಿಕೆ ರಹಿತವಾದದ್ದು ಎಂದು ಎರಡು ಭೇದಗಳನ್ನು ಮಾಡಿತು. ಗಲಭೆ ಮಾಡದ ಮಗುವಿಗೆ ಲಕ್ಷಣಗ್ರಂಥದಲ್ಲಿ ಬಾಗಿಲು ತೆರೆದದ್ದು ಆಗ.

ಆದರೆ ಆ ಬಾಗಿಲು ಏಳು ವರ್ಷ ಮಾತ್ರ ತೆರೆದಿತ್ತು. ೧೯೮೭ರ ಪರಿಷ್ಕೃತ ಆವೃತ್ತಿಯಲ್ಲಿ ಭೇದಗಳು ಅಳಿದು ೧೪ ಲಕ್ಷಣಗಳ ಒಂದೇ ಪಟ್ಟಿಯಾಯಿತು. ಅವುಗಳಲ್ಲಿ ೮ ಇದ್ದರೆ ದೋಷವುಂಟೆಂದು ನಿರ್ಣಯ. ಪಟ್ಟಿಯ ಮೊದಲನೆಯದು ಕೈಕಾಲು ಆಡಿಸುತ್ತ ಕುಳಿತಲ್ಲೇ ಮಿಸುಕಾಡುವುದು. ಚಟುವಟಿಕೆಯಿಲ್ಲದ ಅನವಧಾನಕ್ಕೆ ಬೇರೊಂದು ಮೂಲೆಯಲ್ಲಿ, ಸರಿಯಾದ ಲಕ್ಷಣವಾಕ್ಯವೂ ಇಲ್ಲದ ಉಳಿಕೆಯ ವರ್ಗದಲ್ಲಿ ಸ್ಥಾನವಾಯಿತು. ೧೯೯೪ರ ನಾಲ್ಕನೆಯ ಆವೃತ್ತಿ ಮತ್ತೆ ಮೂರು ಭೇದಗಳನ್ನು ಮಾಡಿ ಅನವಧಾನಪ್ರಧಾನವಾದುದನ್ನು ಉದ್ಧರಿಸಿತು. ಆದರೂ ಲಕ್ಷಣಗಳು ೭ ವರ್ಷಕ್ಕೆ ಮುಂಚೆಯೇ ಬಾಧಕವಾಗಿ ಕಂಡಿರಬೇಕೆಂಬ ನಿಯಮವನ್ನು ಉಳಿಸಿಕೊಂಡಿತು. ಪ್ರಾಥಮಿಕ ಶಾಲೆಯಲ್ಲಿ ಬುದ್ಧಿಬಲದಿಂದಲೂ ತಾಯಿಯ ಆಸರೆಯಿಂದಲೂ ಹೇಗೋ ನಿಭಾಯಿಸಿ, ಪಾಠಗಳು ಹೆಚ್ಚಿದ ಮೇಲೆ ಕುಸಿಯುವ ಹುಡುಗಿಗೆ ಈ ನಿಯಮವೇ ಅಡ್ಡಗೋಡೆ. ೨೦೧೩ರ ಐದನೆಯ ಆವೃತ್ತಿಯು ಆ ಗಡಿಯನ್ನು ೧೨ ವರ್ಷಕ್ಕೆ ಸರಿಸಿತು. ೧೭ ವರ್ಷ ದಾಟಿದವರಿಗೆ ೬ರ ಬದಲು ೫ ಲಕ್ಷಣಗಳು ಸಾಕೆಂದಿತು. ಸ್ತ್ರೀಯರಲ್ಲಿ ಅನವಧಾನದ ಲಕ್ಷಣಗಳೇ ಮುಖ್ಯವಾಗಿ ತೋರುವ ಸಂಭವ ಹೆಚ್ಚೆಂಬ ಮಾತನ್ನೂ ಸೇರಿಸಿತು.

ಈಗ ಇದೇ ಗ್ರಂಥವು ಕೊಡುವ ಸಂಖ್ಯೆಗಳನ್ನು ಗಮನಿಸೋಣ. ೧೯೯೪ರಲ್ಲಿ ಗಂಡು ಹೆಣ್ಣುಗಳ ಪ್ರಮಾಣವು ಪರೀಕ್ಷೆ ನಡೆದ ಸ್ಥಳವನ್ನು ಅನುಸರಿಸಿ ೪ಕ್ಕೆ ೧ರಿಂದ ೯ಕ್ಕೆ ೧ರವರೆಗೆ ಎಂದಿತ್ತು. ೨೦೧೩ರಲ್ಲಿ ಮಕ್ಕಳಲ್ಲಿ ಸುಮಾರು ೨ಕ್ಕೆ ೧, ವಯಸ್ಕರಲ್ಲಿ ೧.೬ಕ್ಕೆ ೧ ಎಂದಾಯಿತು. ಇಪ್ಪತ್ತು ವರ್ಷದೊಳಗೆ ಹೆಣ್ಣುಮಕ್ಕಳ ಮಿದುಳು ಬದಲಾಗಲಿಲ್ಲ. ಲಕ್ಷಣವಾಕ್ಯ ಬದಲಾಯಿತು, ನೋಡುವವರು ನೋಡುವ ಸ್ಥಳ ಬದಲಾಯಿತು. ಲಕ್ಷಣವನ್ನು ತಿದ್ದಿದಂತೆಲ್ಲ ಲಕ್ಷ್ಯವು ಹೆಚ್ಚುತ್ತ ಹೋದರೆ, ಹಿಂದಿನ ಲಕ್ಷಣದಲ್ಲಿ ಅವ್ಯಾಪ್ತಿಯಿತ್ತೆಂಬುದಕ್ಕೆ ಇದಕ್ಕಿಂತ ಬಲವಾದ ಅನುಮಾನ ಬೇಕಿಲ್ಲ. ಬಾಲ್ಯದಲ್ಲಿ ೨ಕ್ಕೆ ೧ ಇದ್ದ ಪ್ರಮಾಣವು ವಯಸ್ಕರಲ್ಲಿ ಸಮೀಪಿಸುವುದಕ್ಕೂ ಇನ್ನೊಂದು ಅರ್ಥವಿದೆ. ಬಾಲ್ಯದಲ್ಲಿ ಅವರನ್ನು ಇತರರು ಕರೆದೊಯ್ಯಬೇಕು. ದೊಡ್ಡವರಾದ ಮೇಲೆ ಅವರೇ ಹೋಗಬಲ್ಲರು.

೪

ಲಕ್ಷಣಪಟ್ಟಿಯ ವಾಕ್ಯರಚನೆಯನ್ನೂ ಪರಿಶೀಲಿಸಬೇಕು. ಐದನೆಯ ಆವೃತ್ತಿಯಲ್ಲಿ ಅನವಧಾನಕ್ಕೆ ೯, ಅತಿಚಟುವಟಿಕೆ ಮತ್ತು ಆವೇಗಕ್ಕೆ ೯, ಒಟ್ಟು ೧೮ ಲಕ್ಷಣಗಳಿವೆ. ಎರಡನೆಯ ವರ್ಗದ ಕ್ರಿಯಾಪದಗಳನ್ನು ನೋಡಿ: ಎದ್ದು ಹೋಗುವುದು, ಓಡುವುದು, ಹತ್ತುವುದು, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳಿಬಿಡುವುದು, ಇತರರ ನಡುವೆ ನುಗ್ಗುವುದು. ಇವೆಲ್ಲ ಹೊರಗಿನಿಂದ ಕಾಣುವ, ಕೇಳಿಸುವ ಕ್ರಿಯೆಗಳು. ಮೊದಲನೆಯ ವರ್ಗದಲ್ಲಿಯೂ ನೇರವಾಗಿ ಮಾತನಾಡಿಸಿದಾಗ ಕೇಳಿಸಿಕೊಳ್ಳದವನಂತೆ ತೋರುವುದು ಎಂಬ ಲಕ್ಷಣವೊಂದಿದೆ. ಯಾರಿಗೆ ತೋರುವುದು? ಉಪಾಧ್ಯಾಯರಿಗೆ, ತಾಯಿತಂದೆಗಳಿಗೆ. ಮಕ್ಕಳ ಮಟ್ಟಿಗಂತೂ ಈ ಪಟ್ಟಿಯ ವಾಕ್ಯಗಳೆಲ್ಲ ಸಾಕ್ಷಿಯ ವಾಕ್ಯಗಳು, ಅನುಭವಿಸುವವನ ವಾಕ್ಯಗಳಲ್ಲ. ಪಾಠಶಾಲೆಯ ಒಂದು ಗಂಟೆಯಲ್ಲಿ ಶಿಸ್ತು ಎಲ್ಲಿ ಮುರಿಯಿತೋ ಅಲ್ಲಿ ಸಾಕ್ಷಿಯ ಕಣ್ಣು ಹೋಗುತ್ತದೆ.

ಹುಡುಗಿಯ ವಿಷಯದಲ್ಲಿ ಈ ಸಾಕ್ಷ್ಯವು ಎರಡು ಬಗೆಯಿಂದ ಸೋಲುತ್ತದೆ. ಮೊದಲನೆಯದಾಗಿ, ಅನವಧಾನಪ್ರಧಾನಳಾದ ಹುಡುಗಿ ಯಾರಿಗೂ ತೊಂದರೆ ಕೊಡುವುದಿಲ್ಲ. ಅವಳ ಕಣ್ಣು ಪುಸ್ತಕದ ಮೇಲಿರುತ್ತದೆ, ಮನಸ್ಸು ಅಲ್ಲಿರುವುದಿಲ್ಲ. ಒಂದೇ ಪುಟವನ್ನು ನಾಲ್ಕು ಸಲ ಓದುತ್ತಾಳೆ. ಸಾಕ್ಷಿಯು ಅವಳನ್ನು ಸಾಧುವೆಂದೋ ಮಂದಮತಿಯೆಂದೋ ಕನಸಿನವಳೆಂದೋ ಬರೆದುಕೊಂಡು ಮುಂದೆ ಹೋಗುತ್ತಾನೆ. ಎರಡನೆಯದಾಗಿ, ಚಟುವಟಿಕೆಯುಳ್ಳ ಹುಡುಗಿಯಲ್ಲಿಯೂ ಅದು ಅನೇಕ ವೇಳೆ ಬೇರೆ ರೂಪವನ್ನು ತಾಳುತ್ತದೆ. ಓಡಾಟದ ಬದಲು ಎಡೆಬಿಡದ ಮಾತು, ಜಗಳದ ಬದಲು ಥಟ್ಟನೆ ಬರುವ ಅಳು, ಮರ ಹತ್ತುವ ಬದಲು ಒಳಗೇ ಓಡುವ ಮನಸ್ಸು. ಇವುಗಳನ್ನು ಸಾಕ್ಷಿಯು ಕಂಡರೂ ಸ್ತ್ರೀಸ್ವಭಾವವೆಂದು ಭಾವಿಸುತ್ತಾನೆ. ೨೦೦೪ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಪ್ರಾಥಮಿಕ ಶಾಲೆಯ ಉಪಾಧ್ಯಾಯರಿಗೆ ಕಲ್ಪಿತ ಮಕ್ಕಳ ವರ್ಣನೆಗಳನ್ನು ಕೊಟ್ಟು, ಯಾರನ್ನು ಪರೀಕ್ಷೆಗೆ ಕಳುಹಿಸುವಿರಿ ಎಂದು ಕೇಳಿದರು. ವರ್ಣನೆ ಒಂದೇ ಆಗಿದ್ದರೂ ಹುಡುಗನ ಹೆಸರಿದ್ದಾಗ ಕಳುಹಿಸುವ ಒಲವು ಹೆಚ್ಚಾಗಿ ಕಂಡಿತು. ಇಲ್ಲಿ ಲಕ್ಷಣವೂ ಬದಲಾಗಿಲ್ಲ, ಲಕ್ಷ್ಯವೂ ಬದಲಾಗಿಲ್ಲ, ಬದಲಾದದ್ದು ಹೆಸರೊಂದೇ.

ಇದಕ್ಕೆ ಹುಡುಗಿಯರೇ ಕೂಡಿಸಿಕೊಳ್ಳುವ ಇನ್ನೊಂದು ಆವರಣವುಂಟು. ನೀಟಾಗಿರಬೇಕು, ನೆನಪಿಟ್ಟುಕೊಳ್ಳಬೇಕು, ಹೇಳಿಸಿಕೊಳ್ಳಬಾರದು ಎಂಬ ನಿರೀಕ್ಷೆಗಳು ಹೆಣ್ಣುಮಕ್ಕಳ ಮೇಲೆ ಹೆಚ್ಚು ಬೇಗ, ಹೆಚ್ಚು ಭಾರವಾಗಿ ಬೀಳುತ್ತವೆ. ಆದುದರಿಂದ ಅವರು ಕೊರತೆಯನ್ನು ಮುಚ್ಚಿಕೊಳ್ಳುವ ವಿದ್ಯೆಯನ್ನು ಕಲಿಯುತ್ತಾರೆ: ಇತರರು ಒಂದು ಗಂಟೆಯಲ್ಲಿ ಮಾಡುವುದನ್ನು ನಾಲ್ಕು ಗಂಟೆ ಕುಳಿತು ಮಾಡುವುದು, ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡು ಆ ಚೀಟಿಯನ್ನೇ ಹುಡುಕುವುದು, ಪರೀಕ್ಷೆಯ ಹಿಂದಿನ ರಾತ್ರಿಯ ಭಯವನ್ನೇ ಚಾವಟಿಯಾಗಿ ಮಾಡಿಕೊಳ್ಳುವುದು. ಫಲಿತಾಂಶದ ಪಟ್ಟಿಯಲ್ಲಿ ಅವಳ ಅಂಕ ಕಾಣುತ್ತದೆ. ಅದಕ್ಕೆ ತೆತ್ತ ಬೆಲೆ ಕಾಣುವುದಿಲ್ಲ. ದೊಡ್ಡವಳಾಗಿ ಸಂಸಾರವನ್ನು ಕೈಗೆತ್ತಿಕೊಂಡಾಗ ಈ ವಿದ್ಯೆ ಸಾಲದಾಗುತ್ತದೆ. ನಮ್ಮಲ್ಲಿ ಅಷ್ಟಾವಧಾನವನ್ನು ಸಭೆಯಲ್ಲಿ ಮಾಡಿದವರಿಗೆ ಶಾಲು ಹೊದಿಸುತ್ತೇವೆ. ಒಲೆಯ ಮೇಲಿನ ಹಾಲು, ಮಗುವಿನ ಔಷಧ, ಬರಬೇಕಾದ ಬಾಡಿಗೆ, ಕಟ್ಟಬೇಕಾದ ಬಿಲ್ಲು, ಮಾವನವರ ಪಥ್ಯ, ತನ್ನ ಆಫೀಸು ಇವೆಲ್ಲವನ್ನೂ ಏಕಕಾಲದಲ್ಲಿ ನೆನಪಿನಲ್ಲಿಟ್ಟುಕೊಳ್ಳುವುದನ್ನು ಮಾತ್ರ ಹೆಣ್ಣಿನ ಸಹಜಧರ್ಮವೆಂದು ತಿಳಿಯುತ್ತೇವೆ. ಅವಧಾನವೇ ದುರ್ಬಲವಾಗಿರುವವಳಿಗೆ ದಿನನಿತ್ಯ ಈ ಅವಧಾನವನ್ನು ವಿಧಿಸಿದರೆ ಅವಳು ತನ್ನನ್ನು ರೋಗಿಯೆಂದು ಭಾವಿಸುವುದಿಲ್ಲ, ಅಯೋಗ್ಯಳೆಂದು ಭಾವಿಸುತ್ತಾಳೆ. ವೈದ್ಯರ ಬಳಿಗೆ ಹೋದರೂ ಖಿನ್ನತೆಯೆಂದೋ ಆತಂಕವೆಂದೋ ಹೇಳಿಸಿಕೊಂಡು ಬರುತ್ತಾಳೆ. ಆ ನಿರ್ಣಯಗಳು ಸುಳ್ಳೆಂದಲ್ಲ. ಅನೇಕ ವೇಳೆ ಅವು ನಿಜವೇ. ಆದರೆ ಅವು ಫಲವನ್ನು ಹೆಸರಿಸಿ ಬೇರನ್ನು ಬಿಡುತ್ತವೆ.

೫

ಗುರುತಿಸದೆ ಬಿಟ್ಟುದರಿಂದ ಆದ ಹಾನಿ ಎಷ್ಟು? ಈ ಪ್ರಶ್ನೆಗೆ ಬಹುಕಾಲ ಉತ್ತರವೇ ಇರಲಿಲ್ಲ. ಹುಡುಗಿಯರನ್ನು ಬೆನ್ನುಹತ್ತಿ ನೋಡಿದವರು ಇರಲಿಲ್ಲ. ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಸ್ಟೀಫನ್ ಹಿನ್‌ಷಾ ಅವರು ೧೯೯೭ರಿಂದ ೧೯೯೯ರವರೆಗಿನ ಬೇಸಗೆ ಶಿಬಿರಗಳಲ್ಲಿ ೬ರಿಂದ ೧೨ ವರ್ಷದ ಹುಡುಗಿಯರನ್ನು ಸೇರಿಸಿ ಪರೀಕ್ಷಿಸಿದರು. ಈ ದೋಷವುಳ್ಳವರು ೧೪೦ ಜನ, ಹೋಲಿಕೆಗಾಗಿ ತೆಗೆದುಕೊಂಡವರು ೮೮ ಜನ. ಅವರನ್ನು ಹತ್ತು ವರ್ಷಗಳ ಮೇಲೆ ಮತ್ತೆ ಕಂಡು ೨೦೧೨ರಲ್ಲಿ ಪ್ರಕಟಿಸಿದ ವರದಿಯು ವಿಷಯದ ಗಾಂಭೀರ್ಯವನ್ನು ತೋರಿಸುತ್ತದೆ. ಬಾಲ್ಯದಲ್ಲಿ ಅನವಧಾನ, ಚಟುವಟಿಕೆ ಎರಡೂ ಕೂಡಿದ್ದ ಹುಡುಗಿಯರಲ್ಲಿ ಶೇಕಡ ೨೨ ಮಂದಿ ಆತ್ಮಹತ್ಯೆಗೆ ಪ್ರಯತ್ನಿಸಿದ್ದರು. ಅನವಧಾನ ಮಾತ್ರವಿದ್ದವರಲ್ಲಿ ಇದು ಶೇಕಡ ೮. ದೋಷವಿಲ್ಲದವರಲ್ಲಿ ಶೇಕಡ ೬. ತಮ್ಮ ದೇಹಕ್ಕೆ ತಾವೇ ಗಾಯ ಮಾಡಿಕೊಳ್ಳುವುದರಲ್ಲಿಯೂ ಇದೇ ಅನುಕ್ರಮವು ಕಂಡಿತು. ಹುಡುಗನ ಆವೇಗವು ಹೊರಗೆ ತಿರುಗಿ ಇತರರನ್ನು ಪೀಡಿಸಿದರೆ, ಹುಡುಗಿಯ ಆವೇಗವು ಒಳಗೆ ತಿರುಗಿ ಅವಳನ್ನೇ ಪೀಡಿಸಬಲ್ಲುದೆಂಬ ಮಾತಿಗೆ ಇಲ್ಲಿ ಆಧಾರ ದೊರೆಯುತ್ತದೆ. ಪೀಡೆಯನ್ನು ಅಳತೆಗೋಲಾಗಿ ಇಟ್ಟುಕೊಂಡಿದ್ದ ಸ್ಟಿಲ್ಲನ ಲಕ್ಷಣದಲ್ಲಿ ಈ ಪೀಡೆಗೆ ಸ್ಥಳವಿರಲಿಲ್ಲ.

೨೦೨೩ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದು ಅಲ್ಲಿನ ಆರೋಗ್ಯ ದಾಖಲೆಗಳನ್ನು ಶೋಧಿಸಿ, ಹೆಂಗಸರಲ್ಲಿ ಈ ದೋಷದ ನಿರ್ಣಯವು ಗಂಡಸರಿಗಿಂತ ಸುಮಾರು ನಾಲ್ಕು ವರ್ಷ ತಡವಾಗಿ ಆಗುತ್ತಿತ್ತೆಂದೂ, ಅದಕ್ಕೆ ಮೊದಲೇ ಅವರು ಬೇರೆ ಮಾನಸಿಕ ಕಾಯಿಲೆಗಳಿಗಾಗಿ ಹೆಚ್ಚು ಚಿಕಿತ್ಸೆ ಪಡೆದಿದ್ದರೆಂದೂ ತೋರಿಸಿತು. ಹರೆಯದ ನಾಲ್ಕು ವರ್ಷವೆಂದರೆ ಒಂದು ಪದವಿಯ ಓದು, ಅಥವಾ ಒಂದು ಬಾಳಿನ ದಿಕ್ಕು. ಋತುಚಕ್ರ, ಬಸಿರು, ಮುಟ್ಟು ನಿಲ್ಲುವ ಕಾಲ ಇವುಗಳಲ್ಲಿ ಲಕ್ಷಣಗಳು ಏರಿಳಿಯುತ್ತವೆಯೆಂದು ಅನೇಕ ಹೆಂಗಸರು ಹೇಳುತ್ತಾರೆ. ಇದನ್ನು ಶಾಸ್ತ್ರವು ಗಂಭೀರವಾಗಿ ವಿಚಾರಿಸತೊಡಗಿದುದು ತೀರ ಈಚೆಗೆ.

೬

ಲಕ್ಷಣಗ್ರಂಥವು ಬಿಟ್ಟದ್ದನ್ನು ತುಂಬಲು ಇನ್ನೊಂದು ಸಾಹಿತ್ಯ ಹುಟ್ಟಿಕೊಂಡಿತು. ಸ್ಯಾರಿ ಸೋಲ್ಡನ್ ಅವರು ಅವಧಾನದ ಕೊರತೆಯುಳ್ಳ ಹೆಂಗಸರನ್ನೇ ಕುರಿತು ೧೯೯೫ರಲ್ಲಿ ಪ್ರಕಟಿಸಿದ ಪುಸ್ತಕವೂ, ಕ್ಯಾಥ್ಲೀನ್ ನಾಡೋ, ಎಲೆನ್ ಲಿಟ್‌ಮನ್, ಪೆಟ್ರೀಷಿಯ ಕ್ವಿನ್ ಇವರು ಹುಡುಗಿಯರನ್ನು ಕುರಿತು ೧೯೯೯ರಲ್ಲಿ ತಂದ ಪುಸ್ತಕವೂ ಇದರ ಪ್ರಾರಂಭದ ಕೃತಿಗಳು. ಈ ಸಾಹಿತ್ಯದ ಮುಖ್ಯ ಗುಣವೆಂದರೆ ವರ್ಣನೆಯ ಕರ್ತೃವನ್ನು ಬದಲಿಸಿದುದು. ಸಾಕ್ಷಿಯ ವಾಕ್ಯದ ಜಾಗದಲ್ಲಿ ಅನುಭವಿಯ ವಾಕ್ಯವನ್ನು ಅದು ತಂದಿತು. ನಾಚಿಕೆಯನ್ನು ಒಂದು ಲಕ್ಷಣವೆಂಬಂತೆ ಮೊದಲ ಬಾರಿಗೆ ಪುಟದ ಮೇಲಿಟ್ಟಿತು. ಅಸಂಖ್ಯ ಹೆಂಗಸರು ತಮ್ಮನ್ನು ತಾವು ಅದರಲ್ಲಿ ಗುರುತಿಸಿಕೊಂಡರು. ಆ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಅವ್ಯಾಪ್ತಿಯಿಂದ ತಪ್ಪಿಸಿಕೊಳ್ಳಲು ಓಡುವವನು ಅತಿವ್ಯಾಪ್ತಿಯ ಹಳ್ಳಕ್ಕೆ ಬೀಳುವ ಭಯ ಯಾವಾಗಲೂ ಉಂಟು. ಈ ಸಾಹಿತ್ಯದ ಅನುಕರಣೆಯಾಗಿ ಇಂದು ಹರಡಿರುವ ಬರಹಗಳಲ್ಲಿ ಮರೆವು, ಆಯಾಸ, ಕೆಲಸವನ್ನು ಮುಂದೂಡುವುದು, ಮಾತಿಗೆ ನೊಂದುಕೊಳ್ಳುವುದು ಇವೆಲ್ಲ ಸ್ತ್ರೀಯರ ಅವಧಾನದೋಷದ ಚಿಹ್ನೆಗಳಾಗಿ ಬರುತ್ತವೆ. ನಿದ್ದೆಗೆಟ್ಟ ತಾಯಿಗೂ, ಎರಡು ದುಡಿಮೆಯ ನಡುವೆ ಸಿಕ್ಕಿದ ಗೃಹಿಣಿಗೂ, ರಕ್ತಹೀನತೆಯುಳ್ಳವಳಿಗೂ, ದುಃಖಿತಳಿಗೂ ಈ ಮಾತುಗಳು ಹೊಂದುತ್ತವೆ. ಕೊಂಬುಳ್ಳದ್ದೆಲ್ಲ ಗೋವಾದಂತೆ ಆಯಿತು. ಇದರಲ್ಲಿ ಎರಡು ಅಪಾಯಗಳಿವೆ. ನಿಜವಾದ ದೋಷವುಳ್ಳವಳ ಮಾತನ್ನು ‘ಎಲ್ಲರಿಗೂ ಇರುವುದೇ’ ಎಂದು ತಳ್ಳಿಹಾಕಲು ಅದು ಅವಕಾಶ ಕೊಡುತ್ತದೆ. ಮನೆಗೆಲಸದ ಅನ್ಯಾಯವಾದ ಹಂಚಿಕೆಯಿಂದ ಹುಟ್ಟಿದ ಬಳಲಿಕೆಗೆ ಮಿದುಳನ್ನು ಕಾರಣಮಾಡಿ, ಆ ಹಂಚಿಕೆಯನ್ನು ಪ್ರಶ್ನಿಸದೆ ಬಿಡಲು ದಾರಿಮಾಡುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಆಕ್ಷೇಪವಿದೆ. ‘ಸ್ತ್ರೀಯ ಅವಧಾನದೋಷ’ವೆಂಬ ಬೇರೆಯ ಜಾತಿಯೇ ಉಂಟೇ? ಅಮೆರಿಕದ ಜೋಸೆಫ್ ಬೀಡರ್‌ಮನ್ ಮತ್ತು ಅವರ ಸಹೋದ್ಯೋಗಿಗಳ ಎರಡು ಅಧ್ಯಯನಗಳನ್ನು ಒಟ್ಟಿಗೆ ಓದಿದರೆ ಉತ್ತರ ತಿಳಿಯಾಗುತ್ತದೆ. ೨೦೦೨ರ ಅಧ್ಯಯನವು ಚಿಕಿತ್ಸಾಲಯಕ್ಕೆ ಬಂದ ಮಕ್ಕಳನ್ನು ಹೋಲಿಸಿ, ಹುಡುಗಿಯರಲ್ಲಿ ಅನವಧಾನಪ್ರಧಾನವಾದ ಭೇದವು ಹೆಚ್ಚೆಂದು ಹೇಳಿತು. ೨೦೦೫ರ ಅಧ್ಯಯನವು ಯಾರೂ ಚಿಕಿತ್ಸೆಗೆ ಕಳುಹಿಸದೆ ಇದ್ದ, ಆದರೆ ಪರೀಕ್ಷಿಸಿದಾಗ ದೋಷವಿದ್ದುದು ಕಂಡ ಗಂಡುಹೆಣ್ಣುಗಳನ್ನು ಹೋಲಿಸಿತು. ಅಲ್ಲಿ ಗಣ್ಯವಾದ ಭೇದವು ಕಾಣಲಿಲ್ಲ. ಇವೆರಡಕ್ಕೂ ವಿರೋಧವಿಲ್ಲ. ಭೇದದ ದೊಡ್ಡ ಪಾಲು ದೋಷದ ಸ್ವರೂಪದಲ್ಲಿಲ್ಲ. ಮನೆಯಿಂದ ಚಿಕಿತ್ಸಾಲಯದವರೆಗಿನ ದಾರಿಯಲ್ಲಿದೆ ಎಂದು ನಾವು ಗ್ರಹಿಸಬಹುದು. ಆದುದರಿಂದ ಸ್ತ್ರೀಯರಿಗಾಗಿ ಬೇರೊಂದು ಲಕ್ಷಣವನ್ನು ರಚಿಸುವುದು ಪರಿಹಾರವಲ್ಲ. ಹಾಗೆ ಮಾಡಿದರೆ ಗದ್ದಲ ಮಾಡುವ ಹುಡುಗಿಯೂ ಮೌನವಾಗಿ ಕನಸು ಕಾಣುವ ಹುಡುಗನೂ ಹೊಸದಾಗಿ ಹೊರಗುಳಿಯುತ್ತಾರೆ. ಹಾಫ್‌ಮನ್ನನ ಪುಸ್ತಕದಲ್ಲಿ ಪೌಲೀನಳೂ ಉಂಟು, ಹಾನ್ಸನೂ ಉಂಟೆಂಬುದನ್ನು ಮರೆಯಬಾರದು.

೭

ಹಾಗಾದರೆ ನಿರ್ದುಷ್ಟವಾದ ಲಕ್ಷಣವು ಹೇಗಿರಬೇಕು? ಸ್ವರೂಪವನ್ನು ಹೇಳುವ ಭಾಗದಲ್ಲಿ ಅದು ಈಗಿರುವಂತೆಯೇ ಬಿಗಿಯಾಗಿರಬೇಕು: ಬಾಲ್ಯದಿಂದ ಬಂದಿರಬೇಕು, ಒಂದಕ್ಕಿಂತ ಹೆಚ್ಚು ಸನ್ನಿವೇಶಗಳಲ್ಲಿ ಕಾಣಬೇಕು, ಬಾಳಿಗೆ ನಿಜವಾದ ಬಾಧೆಯಾಗಿರಬೇಕು. ಅತಿವ್ಯಾಪ್ತಿಯನ್ನು ತಡೆಯುವ ಬೇಲಿ ಇದೇ. ಸಾಕ್ಷ್ಯವನ್ನು ಪಡೆಯುವ ಭಾಗದಲ್ಲಿ ಮಾತ್ರ ಅದು ವಿಶಾಲವಾಗಬೇಕು. ಏನು ಕಂಡಿತು ಎಂಬುದರ ಜೊತೆಗೆ, ಕಾಣದಂತೆ ಮಾಡಲು ಎಷ್ಟು ಶ್ರಮಪಟ್ಟೆ ಎಂಬುದನ್ನೂ ಕೇಳಬೇಕು. ಅಂಕ ಬಂದಿದೆಯೇ ಎಂಬುದಲ್ಲ, ಯಾವ ಬೆಲೆಗೆ ಬಂದಿತೆಂಬುದು ಪ್ರಶ್ನೆ. ಇದರಿಂದ ಲಕ್ಷಣವು ಸಡಿಲವಾಗುವುದಿಲ್ಲ, ಪೂರ್ಣವಾಗುತ್ತದೆ.

ಈ ವಿಚಾರವು ನಮ್ಮ ದೇಶಕ್ಕೆ ಹೊರಗಿನದಲ್ಲ. ಭಾರತದಲ್ಲಿ ಡಿ.ಎಸ್.ಎಂ. ಜೊತೆಗೆ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣವೂ ಬಳಕೆಯಲ್ಲಿದೆ. ಆ ಸಂಸ್ಥೆಯ ಹತ್ತನೆಯ ಆವೃತ್ತಿಗಾಗಿ ೧೯೯೨ರಲ್ಲಿ ಹೊರಬಂದ ಲಕ್ಷಣಗಳಲ್ಲಿ ದೋಷಕ್ಕೆ ಅತಿಚಲನೆಯ ಹೆಸರೇ ಇತ್ತು. ಅವಧಾನದ ಕೊರತೆ, ಅತಿಚಟುವಟಿಕೆ ಎರಡೂ ಕೂಡಿರಲೇಬೇಕೆಂಬ ನಿಯಮವಿತ್ತು. ಚಟುವಟಿಕೆಯಿಲ್ಲದ ಅನವಧಾನವು ಇತರೆ ಎಂಬ ಉಳಿಕೆಯ ವರ್ಗಕ್ಕೆ ಸೇರಿತ್ತು. ೨೦೨೨ರಲ್ಲಿ ಜಾರಿಗೆ ಬಂದ ಹನ್ನೊಂದನೆಯ ಆವೃತ್ತಿಯಲ್ಲಿ ಮಾತ್ರ ಅದಕ್ಕೆ ಮುಖ್ಯವರ್ಗದೊಳಗೆ ಸ್ಥಾನ ದೊರೆಯಿತು. ಇಂದು ನಮ್ಮ ಕಾಲೇಜುಗಳಲ್ಲಿ ಓದುತ್ತಿರುವ ಹೆಣ್ಣುಮಕ್ಕಳ ಬಾಲ್ಯವೆಲ್ಲ ಬಹುಮಟ್ಟಿಗೆ ಹಳೆಯ ಲಕ್ಷಣದ ಕಾಲದಲ್ಲಿಯೇ ಕಳೆಯಿತು ಎಂಬುದನ್ನು ಅಧ್ಯಾಪಕರು ನೆನಪಿನಲ್ಲಿಡುವುದು ಒಳಿತು.

ಅಧ್ಯಾಪಕರು ವೈದ್ಯರಾಗಬೇಕಿಲ್ಲ, ಆಗಲೂ ಬಾರದು. ಆದರೆ ಚಿಕಿತ್ಸಾಲಯದ ದಾರಿಯಲ್ಲಿ ಮೊದಲ ಸಾಕ್ಷಿ ಅವರೇ. ತರಗತಿಯಲ್ಲಿ ಚೆನ್ನಾಗಿ ಮಾತನಾಡಿ ಪ್ರಬಂಧವನ್ನು ಎಂದೂ ಹೊತ್ತಿಗೆ ಸರಿಯಾಗಿ ಕೊಡ��ವಳು, ಒಂದು ವಿಷಯದಲ್ಲಿ ಮೊದಲಿಗಳಾಗಿ ಇನ್ನೊಂದರಲ್ಲಿ ಕಾರಣವಿಲ್ಲದೆ ತಪ್ಪಾಗುವವಳು, ಸಣ್ಣ ತಪ್ಪಿಗೂ ಅತಿಯಾಗಿ ಕ್ಷಮೆ ಕೇಳುವವಳು ಇವರನ್ನು ಸೋಮಾರಿತನದ ಅಥವಾ ಅಲಕ್ಷ್ಯದ ಲೆಕ್ಕಕ್ಕೆ ಬರೆಯುವ ಮುನ್ನ ಒಂದು ಕ್ಷಣ ತಡೆಯಬಹುದು. ಇವರೆಲ್ಲರಿಗೂ ಈ ದೋಷವಿದೆಯೆಂದು ನಾವು ಹೇಳುತ್ತಿಲ್ಲ. ಹಲವರಿಗೆ ಇರಲಿಕ್ಕಿಲ್ಲ. ಆದರೆ ಯಾರಿಗಿದೆ, ಯಾರಿಗಿಲ್ಲವೆಂಬುದನ್ನು ತಿಳಿದವರು ಪರೀಕ್ಷಿಸಿ ಹೇಳಬೇಕಾದರೆ, ಅವರ ವರೆಗೆ ಆ ವಿದ್ಯಾರ್ಥಿನಿ ತಲುಪಬೇಕು. ಫಿಲಿಪ್ಪನು ಮೇಜಿನ ಬಟ್ಟೆಯನ್ನೆಳೆದು ತನ್ನ ಸಂಗತಿಯನ್ನು ತಾನೇ ತಿಳಿಸಿದನು. ಹಾಗೆ ತಿಳಿಸಲಾರದವರ ಸಂಗತಿಯನ್ನು ಕಂಡುಕೊಳ್ಳುವ ಹೊಣೆ ಲಕ್ಷಣವನ್ನು ಬರೆಯುವವರಿಗೂ ಅದನ್ನು ಓದುವವರಿಗೂ ಸಮನಾಗಿ ಸೇರಿದ್ದು.